ಸುವರ್ಣಮ್ಮ ಬೆಳಗಿದ ಗಂಟೆ

ಸುವರ್ಣಮ್ಮನವರ ಕೈಗೆ ಸಿಕ್ಕ ಹಿತ್ತಾಳೆಯಾಗಲಿ ಕಂಚಾಗಲಿ ಕಪ್ಪಗೆ ಉಳಿದದ್ದನ್ನು ಕಂಡವರಿಲ್ಲ. ಮೈಸೂರು ಬಿಟ್ಟು ಮಿಷಿಗನ್ನಿನ ವಾರೆನ್ನಿಗೆ ಬಂದು ಮೂವತ್ತಾರು ವರ್ಷವಾಗಿತ್ತು, ಮನೆಯ ಡಿಶ್‌ವಾಷರ್ ಮೂರು ಸಲ ಬದಲಾಗಿತ್ತು. ಆದರೂ ಗುರುವಾರ ಸಂಜೆಯಾಯಿತೆಂದರೆ ಅಡುಗೆಮನೆಯ ಸಿಂಕಿನ ಮುಂದೆ ನಿಂತು, ಹುಣಸೆಹಣ್ಣು ಉಪ್ಪು ಬೆರೆಸಿ, ದೇವರ ಮನೆಯ ದೀಪ, ಪಂಚಪಾತ್ರೆ, ಗಂಟೆ ಎಲ್ಲವನ್ನೂ ಕೈಯಾರೆ ಬೆಳಗಲೇಬೇಕು. ಕನ್ನಡ ಕೂಟದ ದೊಡ್ಡ ದೀಪದ ಕಂಬವೂ ದೀಪಾವಳಿಗೆ ಮುಂಚೆ ಅವರ ಮನೆಗೇ ಬರುತ್ತಿತ್ತು. ಅವರ ಯಜಮಾನರು ಸತ್ಯನಾರಾಯಣ, ದೊಡ್ಡ ಕಾರ್ ಕಂಪನಿಯೊಂದರ ಟೆಕ್ನಿಕಲ್ ಸೆಂಟರಿನಲ್ಲಿ ಬಾಗಿಲು ಕೀಲುಗಳ ಡಿಸೈನ್ ಮಾಡುತ್ತಿದ್ದ ಎಂಜಿನಿಯರು, ಬಂದವರ ಮುಂದೆಲ್ಲ ಹೇಳುತ್ತಿದ್ದರು: "ಇವಳ ಮುಂದೆ ಐದು ನಿಮಿಷ ಸುಮ್ನೆ ಕೂತ್ರೆ ನನ್ ಬೋಳುತಲೆಗೂ ಹುಣಸೆಹಣ್ಣು ಹಚ್ತಾಳೆ, ಹುಷಾರು."

ಎಲ್ಲರೂ ನಗುತ್ತಿದ್ದರು. ಸುವರ್ಣಮ್ಮನೂ ನಗುತ್ತಿದ್ದರು. ಆ ಕೈಯ ಚೊಕ್ಕಟವೇ ಮುಂದೆ ತಮ್ಮನ್ನು ಇಷ್ಟು ಅಳಿಸುತ್ತದೆಂದು ಅವರಿಗೆ ತಿಳಿದಿರಲಿಲ್ಲ.

ಬೆಳಗುವ ಸಾಮಾನಿನಲ್ಲಿ ಅವರ ಅಜ್ಜಿಯದೊಂದು ಹಿತ್ತಾಳೆ ಚೊಂಬಿತ್ತು. ನಮ್ಮಲ್ಲಿ ಪಾತ್ರೆಗೆ ಹೆಸರು ಹಾಕಿಸುವ ರೂಢಿ ಗೊತ್ತೇ ಇದೆಯಲ್ಲ. ಮದುವೆಗೆ ಕೊಟ್ಟವರ ಹೆಸರು, ಊರು, ಕಂಠದ ಸುತ್ತ ಚುಕ್ಕಿಚುಕ್ಕಿಯಾಗಿ ಕೊರೆದಿರುತ್ತಾರೆ. ಆ ಚೊಂಬಿನ ಮೇಲೂ ಅಜ್ಜಿಯ ಹೆಸರು, ಅದರ ಕೆಳಗೆ ಕನ್ನಂಬಾಡಿ ಎಂದು ಇತ್ತಂತೆ. ಕನ್ನಂಬಾಡಿ ಅಣೆಕಟ್ಟೆಯ ನೀರಿನಡಿಗೆ ಹೋಯಿತು. ಚೊಂಬಿನ ಮೇಲಿನ ಹೆಸರು ಅಜ್ಜಿ, ಅಮ್ಮ, ಸುವರ್ಣಮ್ಮ ಮೂವರೂ ಉಜ್ಜಿ ಉಜ್ಜಿ ಹೋಯಿತು. ಈಗ ಅದು ಬರೀ ನುಣ್ಣಗೆ, ಫಳಫಳ ಹೊಳೆಯುವ ಚೊಂಬು.

ಸುವರ್ಣಮ್ಮನವರ ಬಾಳಿನಲ್ಲಿ ಹೇಳಿಕೊಳ್ಳುವಂಥದ್ದು ಏನಿತ್ತು ಎಂದು ಕೇಳಿದರೆ ಕನ್ನಡ ಕೂಟದವರು ಪುಳಿಯೋಗರೆ ಎಂದು ಹೇಳಿಬಿಡುತ್ತಾರೆ. ಅವರು ಸತ್ಯನಾರಾಯಣರ ಹೆಂಡತಿ, ರೇಣುವಿನ ತಾಯಿ, ಉಳಿದವರಿಗೆಲ್ಲ ಪುಳಿಯೋಗರೆ ಆಂಟಿ. ತಮ್ಮದೇ ಹೆಸರಿನಿಂದ ಅವರನ್ನು ಕರೆಯುತ್ತಿದ್ದ ಜಾಗ ಇಡೀ ಅಮೆರಿಕದಲ್ಲಿ ಒಂದೇ ಒಂದಿತ್ತು. ಅದು ಅವರ ಮನೆಯಿಂದ ಐದು ಮೈಲಿ ದಕ್ಷಿಣಕ್ಕೆ, ಏಟ್ ಮೈಲ್ ರೋಡ್ ದಾಟಿದ ಮೇಲೆ, ಡೆಟ್ರಾಯ್ಟಿನ ಒಂದು ಹಳೆಯ ಬೀದಿಯಲ್ಲಿತ್ತು.

ಅಲ್ಲಿಗೆ ಅವರು ಮೊದಲು ಹೋದದ್ದು ದಾರಿ ತಪ್ಪಿ. ೧೯೯೮ರ ಜನವರಿ. ಫ್ರೀವೇ ಮೇಲೆ ಹಿಮ ಬಿದ್ದು ಪೊಲೀಸರು ಎಲ್ಲರನ್ನೂ ಬೇರೆ ಎಕ್ಸಿಟ್‌ಗೆ ತಿರುಗಿಸಿದರು. ಗಲ್ಲಿ ಗಲ್ಲಿ ಸುತ್ತಿ, ಕೊನೆಗೆ ಕಾರು ಒಂದು ದಿಬ್ಬಕ್ಕೆ ಸಿಕ್ಕಿಕೊಂಡು ನಿಂತಿತು. ಎದುರಿಗೆ ಮರದ ವರಾಂಡವಿದ್ದ ಎರಡಂತಸ್ತಿನ ಮನೆ, ಬಾಗಿಲ ಮೇಲೆ 'ಟಲ್ಲಾಫೋರ್ಡ್ ಹೌಸ್' ಎಂಬ ಹಲಗೆ. ಫೋನ್ ಮಾಡಲು ಬಾಗಿಲು ತಟ್ಟಿದರು. ತೆರೆದವರು ಎತ್ತರದ, ಅರವತ್ತೈದು ದಾಟಿದ ಕರಿಯ ಹೆಂಗಸು. ಒಳಗೆ ಕರೆದು ಬಿಸಿನೀರು ಕೊಟ್ಟರು. ಸುವರ್ಣಮ್ಮ ಲೋಟ ಹಿಡಿದು ಗೋಡೆ ನೋಡುತ್ತಾರೆ, ಅಲ್ಲೊಂದು ದೊಡ್ಡ ಫೋಟೋ: ಕಣ್ಣು ಹಾಯಿಸಿದಷ್ಟೂ ನೀರು, ನಡುವೆ ಒಂದು ಚರ್ಚಿನ ಗೋಪುರದ ತುದಿ ಮಾತ್ರ ಮೇಲೆ.

"ನಮ್ಮಜ್ಜಿ ಊರೂ ಹೀಗೇ ಆಯ್ತು," ಎಂದರು ಸುವರ್ಣಮ್ಮ, ತಮ್ಮ ಮೈಸೂರು ಇಂಗ್ಲಿಷಿನಲ್ಲಿ. "ಬೇಸಿಗೇಲಿ ನೀರು ಇಳಿದ್ರೆ ಗುಡಿ ಕಾಣ್ತಿತ್ತು. ಅಜ್ಜಿ ದಡದಲ್ಲಿ ನಿಂತು ಕೈ ಮುಗೀತಿದ್ರು."

ಆ ಹೆಂಗಸು ಕುರ್ಚಿ ಎಳೆದು, "ಕೂತ್ಕೊಳಿ, ಫೋನ್ ಆಮೇಲೆ ಮಾಡಬಹುದು," ಎಂದರು. ಅವರೇ ಒಡೆಸ್ಸಾ. ಎಲ್ಲರೂ ಮಿಸ್ ಒಡೆಸ್ಸಾ ಎನ್ನುತ್ತಿದ್ದರು. ಆ ದಿನದಿಂದ ಸುವರ್ಣಮ್ಮನೂ ಅಲ್ಲಿ ಮಿಸ್ ಸುವರ್ಣ ಆದರು.

ಟಲ್ಲಾಫೋರ್ಡ್ ಎಂಬುದು ದಕ್ಷಿಣದ ಅಲಬಾಮಾದಲ್ಲಿ ಹೊಳೆಯ ಪಕ್ಕ ಇದ್ದ ಪುಟ್ಟ ಊರು. ೧೯೩೮ರಲ್ಲಿ ಅಣೆಕಟ್ಟು ಕಟ್ಟಿ ಅದನ್ನು ಮುಳುಗಿಸಿದರು. ಗೇಣಿಗೆ ಹತ್ತಿ ಬೆಳೆಯುತ್ತಿದ್ದ ಕರಿಯ ಕುಟುಂಬಗಳು ರೈಲು ಹತ್ತಿ ಡೆಟ್ರಾಯ್ಟಿಗೆ ಬಂದು ಕಾರಿನ ಕಾರ್ಖಾನೆ ಸೇರಿದವು. ಜಮೀನು ಇದ್ದವರ ಹೆಸರು ಅಲ್ಲಿನ ದಫ್ತರಿನಲ್ಲಿ ಉಳಿಯಿತು, ಇವರದು ಎಲ್ಲೂ ಉಳಿಯಲಿಲ್ಲ. ಬಂದವರು ಒಂದು ಸಂಘ ಕಟ್ಟಿಕೊಂಡು, ಈ ಮನೆ ಕೊಂಡು, ಪೆಟ್ಟಿಗೆಯಲ್ಲಿ ಕಟ್ಟಿ ತಂದಿದ್ದನ್ನೆಲ್ಲ ಇಲ್ಲಿ ತಂದಿಟ್ಟರು. ಹತ್ತಿ ಬಿಡಿಸುವ ಚೀಲ, ತೇಪೆಯ ಕೌದಿಗಳು, ಶಾಲೆಯ ಒಂದು ಬೆಂಚು, ಬಟ್ಟೆ ಒಗೆಯುವ ತಗಡು, ಫೋಟೋಗಳು. ಊಟದ ಮನೆಯ ಮೇಜಿನ ಮೇಲೆ, ಮಡಿಸಿದ ಕೌದಿಯ ಮೇಲೆ ಮಲಗಿಸಿ, ಚರ್ಚಿನ ಕಂಚಿನ ಗಂಟೆ. ಒಂದು ದೊಡ್ಡ ಕೊಳಗದಷ್ಟಿತ್ತು. ಮಸಿಯಷ್ಟು ಕಪ್ಪು. ಒಳಗಿನ ನಾಲಿಗೆ ಯಾವಾಗಲೋ ಕಳೆದುಹೋಗಿತ್ತು.

ಸುವರ್ಣಮ್ಮ ಬುಧವಾರ, ಭಾನುವಾರ ಅಲ್ಲಿಗೆ ಹೋಗತೊಡಗಿದರು. ಚೀಟಿಗಳನ್ನು ಟೈಪ್ ಮಾಡಿ ಅಂಟಿಸಿದರು. ಬಂದವರಿಗೆ ಊರಿನ ಕಥೆ ಹೇಳಿದರು. ಹೇಳುತ್ತಾ ಹೇಳುತ್ತಾ ಎಷ್ಟು ಮೈಮರೆಯುತ್ತಿದ್ದರೆಂದರೆ ಒಮ್ಮೊಮ್ಮೆ ಟಲ್ಲಾಫೋರ್ಡಿನ ನಡುವೆ ಕನ್ನಂಬಾಡಿ ನುಗ್ಗಿಬಿಡುತ್ತಿತ್ತು, ಬಂದವರು ಅಲಬಾಮಾದಲ್ಲಿ ವೇಣುಗೋಪಾಲಸ್ವಾಮಿ ಗುಡಿ ಎಲ್ಲಿಂದ ಬಂತೆಂದು ಕಣ್ಣು ಬಿಡುತ್ತಿದ್ದರು. ಮಿಸ್ ಒಡೆಸ್ಸಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಿದ್ದರು.

ಕೂಟದಲ್ಲಿ ಇದು ಯಾರಿಗೂ ಅರ್ಥವಾಗಲಿಲ್ಲ. "ಆ ಏರಿಯಾಗೆ ಒಬ್ರೇ ಡ್ರೈವ್ ಮಾಡ್ಬೇಡಿ ಆಂಟಿ," ಎಂದವರು ಕೆಲವರು. "ನಮ್ಮೂರ ಮ್ಯೂಸಿಯಂ ಬಿಟ್ಟು ಯಾರದೋ ಊರಿಂದು," ಎಂದವರು ಕೆಲವರು. ಸುವರ್ಣಮ್ಮ ಹೋಗುವುದನ್ನು ಬಿಡಲಿಲ್ಲ. ಒಂದು ಸಲ ಅಜ್ಜಿಯ ಚೊಂಬನ್ನು ಕೈಚೀಲದಲ್ಲಿಟ್ಟು ಒಡೆಸ್ಸಾಗೆ ತೋರಿಸಲು ಒಯ್ದರು.

"ಇಲ್ಲಿ ಊರ ಹೆಸರಿತ್ತು," ಎಂದು ಕಂಠ ತೋರಿಸಿದರು.

ಒಡೆಸ್ಸಾ ಬೆರಳಾಡಿಸಿ ನೋಡಿ, "ಏನೂ ಇಲ್ವಲ್ಲ," ಎಂದರು.

"ಉಜ್ಜಿ ಉಜ್ಜಿ ಹೋಯ್ತು."

"ಮತ್ತೆ ಇತ್ತು ಅಂತ ನಿಮಗೆ ಹೇಗೆ ಗೊತ್ತು?"

"ಅಜ್ಜಿ ಹೇಳಿದ್ರು," ಎಂದು ಸುವರ್ಣಮ್ಮ ನಕ್ಕರು. ಅವತ್ತು ಒಡೆಸ್ಸಾ ನಗಲಿಲ್ಲ.

ಆ ಮನೆಯಲ್ಲಿ ಮಿಸ್ ಒಡೆಸ್ಸಾಗೆ ಒಂದು ನಿತ್ಯದ ಪರಿಪಾಠವಿತ್ತು. ಬೆಳಗ್ಗೆ ಬಂದ ಕೂಡಲೇ ಗಂಟೆಯ ಮುಂದೆ ಕುರ್ಚಿ ಹಾಕಿಕೊಂಡು, ಬಲಗೈಯನ್ನು ಅದರ ಬಾಯೊಳಗೆ ಇಟ್ಟು, ಕಣ್ಣು ಮುಚ್ಚಿ ಕಾಲು ಗಂಟೆ ಕೂರುತ್ತಿದ್ದರು. ತುಟಿ ಮೆಲ್ಲಗೆ ಅಲುಗುತ್ತಿತ್ತು. ನೋಡಿದ ಕೂಡಲೇ ಸುವರ್ಣಮ್ಮ ಅರ್ಥ ಮಾಡಿಕೊಂಡರು, ಅಂದರೆ ಅರ್ಥವಾಯಿತೆಂದು ತಿಳಿದರು. ಇದು ಜಪ. ಜಪಕ್ಕೆ ಕೂತವರನ್ನು ಮಾತಾಡಿಸಬಾರದು, ಏನು ಜಪವೆಂದು ಕೇಳಬಾರದು. ಮಂತ್ರ ಗುಟ್ಟಾಗಿದ್ದರೇ ಫಲ. ಹಾಗೆ ಬೆಳೆದವರು ಅವರು. ಆದ್ದರಿಂದ ಹನ್ನೊಂದು ವರ್ಷ ಅಷ್ಟು ಹೊತ್ತೂ ಪಕ್ಕದ ಕೋಣೆಯಲ್ಲಿ ಮೆತ್ತಗೆ ಬ್ರಶ್ಶಿನಿಂದ ಧೂಳು ಕೊಡವುತ್ತಾ ಕಾದರು. ಒಂದು ಸಲವಾದರೂ ಬಗ್ಗಿ ಗಂಟೆಯ ಒಳಗೆ ನೋಡಲಿಲ್ಲ. ಇತ್ತ ಒಡೆಸ್ಸಾ, ಇಷ್ಟು ವರ್ಷ ಇಲ್ಲಿರುವ ಮಿಸ್ ಸುವರ್ಣಗೆ ಎಲ್ಲಾ ಗೊತ್ತೇ ಇದೆಯೆಂದು ತಿಳಿದಿದ್ದರು. ಇಬ್ಬರದೂ ಮರ್ಯಾದೆಯೇ. ಮರ್ಯಾದೆಯೇ ಇಬ್ಬರನ್ನೂ ಕೆಡಿಸಿತು.

೨೦೦೮ ಬಂತು. ಡೆಟ್ರಾಯ್ಟಿನಲ್ಲಿ ಆ ವರ್ಷ ಕೆಲಸ ಹೋಯಿತೇ ಎಂದು ಕೇಳುವುದನ್ನು ಬಿಟ್ಟು, ಯಾವ ತಿಂಗಳು ಹೋಯಿತು ಎಂದು ಕೇಳುತ್ತಿದ್ದರು. ಸತ್ಯನಾರಾಯಣರಿಗೆ ಮುಂಚಿತವಾಗಿ ನಿವೃತ್ತಿ ಕೊಟ್ಟು ಕಳಿಸಿದರು. ಮೂವತ್ತೈದು ವರ್ಷ ಬಾಗಿಲಿನ ಕೀಲು ಮಾಡಿದವರು ಒಂದು ರಟ್ಟಿನ ಡಬ್ಬಿ ಹಿಡಿದು ಆಫೀಸಿನ ಬಾಗಿಲಿಂದ ಹೊರಗೆ ಬಂದರು. ಇಲಿನಾಯ್‌ನ ಲಿಸ್ಲ್‌ನಲ್ಲಿ ಕೆಲಸದಲ್ಲಿದ್ದ ಮಗಳು ರೇಣು ಫೋನ್ ಮೇಲೆ ಫೋನ್ ಮಾಡಿದಳು: "ಅಮ್ಮಾ, ಪ್ಲೀಸ್, ಮನೆ ಸೇಲ್‌ಗೆ ಹಾಕಿ ಇಲ್ಲಿಗೆ ಬನ್ನಿ. ಅಲ್ಲೇನಿದೆ ಇನ್ನು?"

ಏನಿದೆ ಎಂದರೆ ಟಲ್ಲಾಫೋರ್ಡ್ ಹೌಸ್ ಇತ್ತು. ಅದೂ ಅಲುಗಾಡುತ್ತಿತ್ತು. ಸಂಘದವರೆಲ್ಲ ಕಾರ್ಖಾನೆಯವರೇ, ಕೆಲಸ ಹೋದವರು ಮಕ್ಕಳಿದ್ದಲ್ಲಿಗೆ, ಕೆಲವರು ಮತ್ತೆ ದಕ್ಷಿಣಕ್ಕೆ ಹೊರಟುಹೋದರು. ಮನೆಯ ಎಡಕ್ಕೂ ಬಲಕ್ಕೂ ಮನೆಗಳು ಖಾಲಿ ಬಿದ್ದವು. ಇಡೀ ಸಾಲನ್ನು ಕೆಡವುತ್ತೇವೆಂದು ನಗರಸಭೆಯ ನೋಟಿಸು ಬಂತು. ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಸೇರಿದರೆ ಮಾತ್ರ ಉಳಿಯುತ್ತದೆ ಎಂದರು. ಒಡೆಸ್ಸಾ ಅರ್ಜಿ ಹಾಕಿದರು. ಮನೆ ನೋಡಲು ಒಬ್ಬ ಅಧಿಕಾರಿ ೨೦೦೯ರ ಮಾರ್ಚಿನ ಒಂದು ಶನಿವಾರ ಬರುವುದೆಂದಾಯಿತು.

ಆ ಗುರುವಾರವೇ ಒಡೆಸ್ಸಾಗೆ ಕಣ್ಣಿನ ಪೊರೆಯ ಆಪರೇಷನ್. ಆಸ್ಪತ್ರೆಯಿಂದಲೇ ಫೋನ್ ಮಾಡಿದರು.

"ಮಿಸ್ ಸುವರ್ಣ, ನಾನು ಶನಿವಾರ ಬೆಳಗ್ಗೆ ಬರ್ತೀನಿ. ಮನೆ ಕ್ಲೀನ್ ಮಾಡಿಡಿ. ಅವರು ಮುಖ್ಯವಾಗಿ ಗಂಟೆ ನೋಡೋಕೇ ಬರ್ತಿರೋದು."

"ನೀವು ಯೋಚ್ನೆ ಮಾಡ್ಬೇಡಿ," ಎಂದರು ಸುವರ್ಣಮ್ಮ.

ಶುಕ್ರವಾರ ಬೆಳಗ್ಗೆಯೇ ಹೋಗಿ ನೆಲ ಒರೆಸಿದರು, ಕಿಟಕಿ ಒರೆಸಿದರು. ಕೌದಿ, ಕಾಗದ, ಮರ ಯಾವುದಕ್ಕೂ ನೀರು ಮುಟ್ಟಿಸಬಾರದೆಂಬುದು ಮ್ಯೂಸಿಯಂನ ಕಟ್ಟಳೆ, ಅದನ್ನು ಅಕ್ಷರಶಃ ಪಾಲಿಸಿದರು. ಕೊನೆಗೆ ಗಂಟೆಯ ಮುಂದೆ ನಿಂತರು. ಹನ್ನೊಂದು ವರ್ಷದಿಂದ ಅದರ ಕಪ್ಪು ಅವರ ಕಣ್ಣು ಚುಚ್ಚುತ್ತಿತ್ತು. ನಾಳೆ ನೆಂಟರು ಬರುತ್ತಾರೆ, ಅದೂ ಗಂಟೆ ನೋಡಲೆಂದೇ. ದೇವರ ಗಂಟೆ ಕಿಲುಬು ಹಿಡಿದು ಕೂತಿದ್ದರೆ ಈ ಮನೆಗೆ ಹೇಳುವವರು ಕೇಳುವವರು ಇಲ್ಲ ಎಂದುಕೊಳ್ಳುವುದಿಲ್ಲವೇ? ನೀರು ಮುಟ್ಟಿಸಬಾರದು ಎಂದದ್ದು ಬಟ್ಟೆಗೆ, ಕಾಗದಕ್ಕೆ. ಕಂಚಿಗೆ ಹುಣಸೆಹಣ್ಣು ಯಾವ ಕಾಲದಲ್ಲಿ ಕೆಟ್ಟದ್ದು ಮಾಡಿದೆ?

ಕಾರಿನಲ್ಲಿ ಎಲ್ಲವೂ ಸಿದ್ಧವಾಗಿತ್ತು. ಮನೆಯಿಂದ ಹೊರಡುವಾಗಲೇ ಇಂಡಿಯನ್ ಸ್ಟೋರಿನ ಹುಣಸೆಹಣ್ಣಿನ ಇಟ್ಟಿಗೆ, ಕಲ್ಲುಪ್ಪು, ಒಂದಿಷ್ಟು ರಂಗೋಲಿ ಪುಡಿ, ಸ್ಟೀಲ್ ಸ್ಕ್ರಬ್ಬರ್ ಹಾಕಿಕೊಂಡು ಬಂದಿದ್ದರು. ಸೀರೆ ಸೊಂಟಕ್ಕೆ ಸಿಕ್ಕಿಸಿ ಶುರು ಮಾಡಿದರು. ಮೂರು ಗಂಟೆ ಹಿಡಿಯಿತು. ಮೊದಲು ಹಸುರು ಬಿಟ್ಟಿತು, ಆಮೇಲೆ ಕಪ್ಪು, ಆಮೇಲೆ ಒಳಗಿನಿಂದ ಹೊಂಬಣ್ಣ ಕಾಣಿಸಿತು. ಹೊರಗಿನದು ಮುಗಿಸಿ ಒಳಗೆ ಕೈ ಹಾಕಿದಾಗ ಬೆರಳಿಗೆ ತರಿತರಿ ಹತ್ತಿತು, ಸಣ್ಣ ಸಣ್ಣ ಗೀರುಗಳು ಗೋಡೆಯ ಸುತ್ತಲೂ. ಇಲ್ಲೇ ಕಿಲುಬು ಜಾಸ್ತಿ ಎಂದುಕೊಂಡು ಅಲ್ಲಿಗೆ ಇನ್ನೊಂದು ಹಿಡಿ ಉಪ್ಪು ಹಾಕಿದರು. ಅವರು ಅರೆಮನಸ್ಸಿನ ಕೆಲಸ ಎಂದೂ ಮಾಡಿದವರಲ್ಲ. ಒಳಗೆಲ್ಲ ಚೊಂಬಿನ ಕಂಠದ ಹಾಗೆ ನುಣ್ಣಗಾಗುವವರೆಗೆ ಬಿಡಲಿಲ್ಲ.

ಶನಿವಾರ ಒಡೆಸ್ಸಾ ಕಪ್ಪು ಕನ್ನಡಕ ಹಾಕಿಕೊಂಡು ಕೋಲೂರಿಕೊಂಡು ಬಂದರು. ಅಧಿಕಾರಿ ಮೂವತ್ತರ ಆಸುಪಾಸಿನ, ಮೆದು ಮಾತಿನ ಹುಡುಗಿ. ಸತ್ಯನಾರಾಯಣರೂ ಇದ್ದರು, ಕಾಫಿಯ ಫ್ಲಾಸ್ಕ್ ಹಿಡಿದು. ಕಿಟಕಿಯ ಬಿಸಿಲು ಬಿದ್ದು ಗಂಟೆ ಬಂಗಾರದಂತೆ ಹೊಳೆಯುತ್ತಿತ್ತು. ಸುವರ್ಣಮ್ಮ ಒಂದು ಮಾತಿಗೆ ಕಾಯುತ್ತಾ ನಿಂತರು. ಇಷ್ಟು ವಯಸ್ಸಾದರೂ ಹೊಗಳಿಕೆಗೆ ಕಾಯುವ ಆಸೆ ಹೋಗುವುದಿಲ್ಲ, ಏನು ಮಾಡುವುದು.

ಒಡೆಸ್ಸಾಗೆ ಹೊಳಪು ಇನ್ನೂ ಸರಿಯಾಗಿ ಕಾಣುತ್ತಿರಲಿಲ್ಲ. ಅಭ್ಯಾಸಬಲದಿಂದ ಕುರ್ಚಿ ಎಳೆದುಕೊಂಡು, "ಊರಿನವರನ್ನ ತೋರಿಸ್ತೀನಿ, ಕೈ ಇಲ್ಲಿ ಕೊಡಿ," ಎಂದು ಆ ಹುಡುಗಿಯ ಕೈ ಹಿಡಿದು ಗಂಟೆಯೊಳಗೆ ಇಟ್ಟರು. ತಮ್ಮ ಕೈಯನ್ನೂ ಇಟ್ಟರು. ಬೆರಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಯಿತು. ಮತ್ತೆ ಬಂತು. ಇನ್ನೊಮ್ಮೆ ಹೋಯಿತು.

"ಇದು ನಮ್ಮ ಗಂಟೆ ಅಲ್ಲ," ಎಂದರು.

"ಅದೇ ಗಂಟೆ," ಎಂದರು ಸುವರ್ಣಮ್ಮ. "ನಾನು ಬೆಳಗಿದೆ."

ಒಡೆಸ್ಸಾ ಕನ್ನಡಕ ತೆಗೆದರು. ನೀರು ಸುರಿಯುತ್ತಿದ್ದ ಕಣ್ಣನ್ನು ಗಂಟೆಯ ಬಾಯಿಗೆ ಹತ್ತಿರ ತಂದು ನೋಡಿದರು. ಯಾರನ್ನೂ ಬೈಯದೆ, ಮೆಲ್ಲಗೆ ಹೇಳಿದರು: "ಕೊನೇ ಭಾನುವಾರ ಪಾದ್ರಿ ಗಂಟೆ ಕೆಳಗಿಳಿಸಿದರು. ಊರವರೆಲ್ಲ ಒಬ್ಬೊಬ್ಬರೇ ಬಂದು ಒಳಗಡೆ ಮೊಳೆಯಿಂದ ಹೆಸರು ಗೀಚಿದರು. ಹೊರಗೆ ಗೀಚಿದರೆ ಯಾರಾದರೂ ಅಳಿಸ್ತಾರೆ ಅಂತ ಒಳಗೆ. ಗಂಟೆ ಐವತ್ತು ವರ್ಷದ ಕಪ್ಪು ಹಿಡಿದಿತ್ತಲ್ಲ, ಆ ಕಪ್ಪಿನ ಮೇಲೆ ಗೀಚಿದ್ದು. ನನಗೆ ಆರು ವರ್ಷ. ನಮ್ಮಣ್ಣ ಲೂಥರ್ ನನ್ನ ಕೈ ಹಿಡಿದು ಬರೆಸಿದ. ನಲವತ್ತಮೂರು ಜನ ಅಂತ ಅಮ್ಮ ಯಾವಾಗಲೂ ಹೇಳ್ತಿದ್ದಳು."

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಎಂದು ಜನ ನಗುತ್ತಾರಲ್ಲ, ಇದು ನಗುವ ಹಾಗೂ ಇರಲಿಲ್ಲ. ಸುವರ್ಣಮ್ಮನಿಗೆ ಬೆರಳಿಗೆ ಹತ್ತಿದ ತರಿತರಿ ಇನ್ನೂ ನೆನಪಿತ್ತು. ಒಂದೊಂದು ಗೀರೂ ಒಬ್ಬೊಬ್ಬರು. ಅಷ್ಟೂ ಜನರನ್ನು ಅವರು ಉಪ್ಪು ಹಾಕಿ ಉಜ್ಜಿ, ನೀರು ಹಾಕಿ ತೊಳೆದು, ಸಿಂಕಿಗೆ ಬಿಟ್ಟಿದ್ದರು.

"ಜಪ ಮಾಡ್ತಿದ್ದೀರ ಅಂದ್ಕೊಂಡಿದ್ದೆ," ಎಂದಷ್ಟೇ ಅಂದರು. ಯಾರಿಗೂ ಅದು ಅರ್ಥವಾಗಲಿಲ್ಲ, ಸತ್ಯನಾರಾಯಣರೊಬ್ಬರಿಗೆ ಬಿಟ್ಟು.

ಹೆಸರುಗಳನ್ನು ಬರೆದಿಟ್ಟುಕೊಳ್ಳಬೇಕಿತ್ತು ಎಂದು ಈಗ ಯಾರು ಬೇಕಾದರೂ ಹೇಳಬಹುದು. ದಿನಾ ಕೈಗೆಟಕುವಲ್ಲಿ ಇರುವುದನ್ನು ಯಾರು ಬರೆದಿಡುತ್ತಾರೆ? ಒಡೆಸ್ಸಾ ಆ ಹುಡುಗಿಯ ಮುಂದೆ ಬಾಯಿಂದ ಹೇಳತೊಡಗಿದರು: ಐಸಾಯಾ, ಪರ್ಲೀ, ಮೇ ಬೆಲ್, ಕ್ಲೀಟಸ್, ಲೂಥರ್. ಮೂವತ್ತಕ್ಕೆ ಬಂದು ನಿಂತರು. ಬೆರಳಿಗೆ ಗುರುತು ಸಿಗದೆ ನಾಲಿಗೆಗೆ ದಾರಿ ಸಿಗುತ್ತಿರಲಿಲ್ಲ. ಹುಡುಗಿ ಎಲ್ಲವನ್ನೂ ಬರೆದುಕೊಂಡಳು, ಅವಳ ಕಣ್ಣೂ ಒದ್ದೆಯಾಗಿತ್ತು. ಆದರೆ ಹೋಗುವಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. "ಇದನ್ನು ನೆನಪು ಎಂದು ಬರೆಯಬಲ್ಲೆ, ಸಾಕ್ಷಿ ಎಂದು ಬರೆಯಲಾರೆ." ಈ ಮನೆಗೂ ಆ ಊರಿಗೂ ಆ ಜನಕ್ಕೂ ಇದ್ದ ಗಟ್ಟಿ ಪುರಾವೆ ಆ ಗೀರುಗಳೇ.

ಏಪ್ರಿಲ್‌ನಲ್ಲಿ ಕಾಗದ ಬಂತು. ಮನೆ ಪಟ್ಟಿಗೆ ಸೇರಲಿಲ್ಲ.

ಆ ಶನಿವಾರದಿಂದ ಒಂಬತ್ತು ದಿನ ಸುವರ್ಣಮ್ಮ ಮನೆಯಿಂದ ಹೊರಗೆ ಕಾಲಿಡಲಿಲ್ಲ. ನಡುವೆ ಗುರುವಾರ ಬಂದು ಹೋಯಿತು, ದೀಪಗಳು ಕಪ್ಪಗೇ ಉಳಿದವು. ಸತ್ಯನಾರಾಯಣರು ತಾವೇ ಅನ್ನ ಸಾರು ಮಾಡಿ ತಟ್ಟೆ ತಂದು ಎದುರಿಗಿಟ್ಟರು. "ಬೇಕು ಅಂತ ಮಾಡಿದ್ಯಾ? ಊಟ ಮಾಡು," ಎಂದರು. ಬೇಕೆಂದೇ ಮಾಡಿದ್ದರೆ ಕ್ಷಮೆ ಕೇಳಲು ಒಂದು ದಾರಿ ಇರುತ್ತಿತ್ತು. ಪ್ರೀತಿಯಿಂದ ಮಾಡಿದ ಹಾಳಿಗೆ ಏನೆಂದು ಕ್ಷಮೆ ಕೇಳುವುದು? ಅಜ್ಜಿಯ ಚೊಂಬನ್ನು ಎದುರಿಗೆ ಇಟ್ಟುಕೊಂಡು ಅತ್ತರು. ಒಡೆಸ್ಸಾ ಅವತ್ತು ಯಾಕೆ ನಗಲಿಲ್ಲವೆಂದು ಈಗ ಗೊತ್ತಾಯಿತು.

ಹತ್ತನೆಯ ದಿನ ಬೆಳಗ್ಗೆ ಫೋನ್ ಹೊಡೆದುಕೊಂಡಿತು.

"ಮಿಸ್ ಸುವರ್ಣ, ಪೆನ್ನು ಇದೆಯಾ?" ಒಡೆಸ್ಸಾ ದನಿ. "ಒಬ್ಬರು ಸಿಕ್ಕಿದರು. ಜೊಸಾಯಾ, ಬಾವಿ ತೋಡೋನು. ಬರ್ಕೊಳಿ."

ಅಷ್ಟೇ. ಪರವಾಗಿಲ್ಲ ಎನ್ನಲಿಲ್ಲ, ಕ್ಷಮಿಸಿದೆ ಎನ್ನಲಿಲ್ಲ. ಆದರೆ ಬರ್ಕೊಳಿ ಎಂದರು. ಸುವರ್ಣಮ್ಮ ಅಂಗಡಿಗೆ ಹೋಗಿ ಗಟ್ಟಿ ರಟ್ಟಿನ ನೋಟ್‌ಬುಕ್ ತಂದು, ನಲವತ್ತಮೂರು ಗೆರೆಗೆ ಅಂಕಿ ಹಾಕಿ, ಒಡೆಸ್ಸಾರನ್ನೇ ಕೇಳಿ ಮೂವತ್ತೊಂದು ತುಂಬಿದರು. ಆಮೇಲೆ ವಾರಕ್ಕೊಂದು, ಎರಡು ವಾರಕ್ಕೊಂದು ಫೋನ್. ಬಟ್ಟೆ ಮಡಿಸುವಾಗ ಒಬ್ಬರು, ಚರ್ಚಿನಲ್ಲಿ ಒಬ್ಬರು, ಹಲ್ಲು ನೋವಿಗೆ ಲವಂಗ ಕಚ್ಚಿದಾಗ ಲವಂಗ ಮಾರುತ್ತಿದ್ದ ಹೆಂಗಸೊಬ್ಬಳು. ಪ್ರತಿ ಸಲ ಹೆಸರಿನ ಜೊತೆ ಅವರು ಏನು ಮಾಡುತ್ತಿದ್ದರು, ಹೇಗೆ ನಗುತ್ತಿದ್ದರು ಎಂಬುದನ್ನೂ ಹೇಳಿ ಬರೆಸುತ್ತಿದ್ದರು.

ಬೇಸಿಗೆಯಲ್ಲಿ ಸಂಘ ಮುಚ್ಚಿತು. ಕೌದಿಗಳು, ಬೆಂಚು, ತಗಡು ಕೊಟ್ಟವರ ಮನೆಗಳಿಗೆ ವಾಪಸು ಹೋದವು. ಗಂಟೆಯನ್ನು ಮಾತ್ರ ಯಾರೂ ಒಯ್ಯಲಿಲ್ಲ. ಒಡೆಸ್ಸಾ ಅದನ್ನು ಸತ್ಯನಾರಾಯಣರ ಕಾರಿನ ಹಿಂದೆ ಇಡಿಸಿದರು.

"ಬೇಡ, ಮಿಸ್ ಒಡೆಸ್ಸಾ," ಎಂದರು ಸುವರ್ಣಮ್ಮ. "ಅದನ್ನ ಮುಟ್ಟೋ ಯೋಗ್ಯತೆ ನನಗಿಲ್ಲ."

"ಹೊಳೆಯೋ ಹಾಗೆ ಮಾಡಿದವರು ನೀವು, ನೀವೇ ಇಟ್ಕೊಳಿ," ಎಂದರು ಒಡೆಸ್ಸಾ. ಅದು ಮೊನಚೋ ಪ್ರೀತಿಯೋ ಸುವರ್ಣಮ್ಮನಿಗೆ ಕೊನೆಯವರೆಗೂ ತಿಳಿಯಲಿಲ್ಲ, ಎರಡೂ ಇದ್ದಿರಬೇಕು.

ಅಕ್ಟೋಬರಿನಲ್ಲಿ ಮನೆ ಕೆಡವಿದರು. ಇಬ್ಬರೂ ಹೆಂಗಸರು ಬೀದಿಯಾಚೆ ಕಾರಿನಲ್ಲಿ ಕೂತು ನೋಡಿದರು. ಅರ್ಧ ದಿನವೂ ಬೇಕಾಗಲಿಲ್ಲ. ಒಡೆಸ್ಸಾ ಹೇಳಿದ್ದು ಒಂದೇ ಮಾತು, "ಒಂದೇ ಊರು ಎರಡು ಸಲ ಹೋಗಬಾರದು." ಸುವರ್ಣಮ್ಮ ಅವರ ಕೈ ಹಿಡಿದುಕೊಂಡರು. ಒಡೆಸ್ಸಾ ಕೈ ಬಿಡಿಸಿಕೊಳ್ಳಲಿಲ್ಲ.

ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹೊತ್ತಿಗೆ ನಲವತ್ತೆರಡು ಹೆಸರು ಸಿಕ್ಕಿದ್ದವು. ಉಳಿದದ್ದು ಒಂದು. ಆ ಒಂದು ಬರಲೇ ಇಲ್ಲ. ಡಿಸೆಂಬರಿನಲ್ಲಿ ಒಡೆಸ್ಸಾ ಎದೆಯಲ್ಲಿ ನೀರು ತುಂಬಿಕೊಂಡು ಹಾಸಿಗೆ ಹಿಡಿದರು. ಸುವರ್ಣಮ್ಮ ದಿನಾ ಹೋಗಿ ಪಕ್ಕದಲ್ಲಿ ನೋಟ್‌ಬುಕ್ ತೆರೆದು ಕೂರುತ್ತಿದ್ದರು. ಒಡೆಸ್ಸಾ ಮನೆ ಮನೆ ಲೆಕ್ಕ ಹಾಕುತ್ತಿದ್ದರು. ಹೊಳೆಯ ಪಕ್ಕದ ಮನೆ ಆಯಿತು, ಕಮ್ಮಾರನ ಮನೆ ಆಯಿತು, ನಮ್ಮ ಮನೆಯಲ್ಲಿ ಅಪ್ಪ, ಅಮ್ಮ, ಲೂಥರ್ ಆಯಿತು. ಮತ್ತೆ ಮೊದಲಿನಿಂದ ಶುರು.

"ಯಾರೋ ಒಬ್ಬರು ಹೊರಗೆ ನಿಂತಿದಾರೆ ಮಿಸ್ ಸುವರ್ಣ," ಎನ್ನುತ್ತಿದ್ದರು. "ಬಾಗಿಲ ಹತ್ತಿರ ಬಂದು ನಿಂತಿದಾರೆ, ಮುಖ ಕಾಣ್ತಿಲ್ಲ. ನಾನು ಮರೆತೆ ಅಂತ ಅವರಿಗೆ ಎಷ್ಟು ಬೇಜಾರಾಗಿರಬೇಕು."

ಆ ಮಾತು ಕೇಳಿದಾಗಲೆಲ್ಲ ಸುವರ್ಣಮ್ಮ ಮತ್ತೆ ಮೊದಲ ಗೆರೆಯಿಂದ ಓದುತ್ತಿದ್ದರು. ಜನವರಿ ಎರಡನೆಯ ವಾರ ಒಡೆಸ್ಸಾ ತೀರಿಕೊಂಡರು. ಕೊನೆಯ ದಿನವೂ ಅವರು ಆ ಒಬ್ಬರ ಕ್ಷಮೆ ಕೇಳುತ್ತಿದ್ದರೆಂದು ಪಕ್ಕದಲ್ಲಿದ್ದವರು ಹೇಳಿದರು.

ಚರ್ಚಿನಲ್ಲಿ ಅಂತ್ಯಸಂಸ್ಕಾರ. ಹೊರಗೆ ಹನ್ನೆರಡು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವ ಚಳಿ. ಸುವರ್ಣಮ್ಮ ಸೀರೆಯ ಮೇಲೆ ದಪ್ಪ ಕೋಟು ತೊಟ್ಟು ಮೂರನೆಯ ಸಾಲಿನಲ್ಲಿ ಕೂತಿದ್ದರು. ಪಾದ್ರಿ ಅವರನ್ನು ಮುಂದಕ್ಕೆ ಕರೆದು, ಹೆಸರುಗಳನ್ನು ಓದಿ ಎಂದರು. ಅದು ಒಡೆಸ್ಸಾ ಹೇಳಿ ಹೋದದ್ದಂತೆ. ನೋಟ್‌ಬುಕ್ ಹಿಡಿದು, ಶವಪೆಟ್ಟಿಗೆಯ ಪಕ್ಕ ನಿಂತು ಓದಿದರು. ಒಂದೊಂದು ಹೆಸರಿಗೂ ಜನ ಮೆಲ್ಲಗೆ ಆಮೆನ್ ಎಂದರು. ನಲವತ್ತೆರಡು ಆಯಿತು. ಮುಂದೆ ನಲವತ್ತಮೂರು ಎಂಬ ಅಂಕಿ, ಅದರ ಎದುರಿಗೆ ಖಾಲಿ ಗೆರೆ. ತಲೆಯೆತ್ತಿದರು. ಎದುರಿಗೆ ಒಡೆಸ್ಸಾ ಮಲಗಿದ್ದರು, ಬಲಗೈ ಎದೆಯ ಮೇಲೆ. ಗಂಟೆಯ ಮುಂದೆ ಅವರು ಅವತ್ತು ಹೇಳಿದ್ದು ನೆನಪಾಯಿತು.

ನನಗೆ ಆರು ವರ್ಷ. ನಮ್ಮಣ್ಣ ಲೂಥರ್ ನನ್ನ ಕೈ ಹಿಡಿದು ಬರೆಸಿದ.

ಚಿಕ್ಕಂದಿನಲ್ಲಿ ಎಲ್ಲರೂ ಕೇಳಿದ ಕಥೆಯೇ. ಹತ್ತು ಜನ ಹೊಳೆ ದಾಟಿ, ದಡದಲ್ಲಿ ನಿಂತು ಎಣಿಸುತ್ತಾರೆ, ಎಣಿಸುವವನು ತನ್ನನ್ನೇ ಬಿಟ್ಟು ಒಂಬತ್ತೆಂದು ಅಳುತ್ತಾನೆ. ಕೇಳಿ ನಕ್ಕವರೇ ಎಲ್ಲರೂ. ಎಪ್ಪತ್ತು ವರ್ಷ ದಿನಾ ಬೆರಳಿಟ್ಟು ಊರವರನ್ನೆಲ್ಲ ಓದಿದ ಹೆಂಗಸು ತನ್ನ ಹೆಸರನ್ನು ಯಾಕೆ ಓದಿಕೊಳ್ಳುತ್ತಾಳೆ? ಇರುವವಳನ್ನು ನೆನೆಯುವ ಅಗತ್ಯವೇನು?

"ಒಡೆಸ್ಸಾ," ಎಂದು ಸುವರ್ಣಮ್ಮ ಓದಿದರು.

ಆಮೆನ್ ಎಂದರು ಜನ.

ವಾಪಸು ಬರುವಾಗ ಸತ್ಯನಾರಾಯಣರು ಡ್ರೈವ್ ಮಾಡುತ್ತಿದ್ದರು. ಏಟ್ ಮೈಲ್ ದಾಟಿದ ಮೇಲೆ ಸುವರ್ಣಮ್ಮ, "ರೀ, ಬಾಗಿಲ ಹೊರಗೆ ನಿಂತಿದ್ದೋರು ಅವರೇ ಕಣ್ರೀ," ಎಂದರು. "ಅವರೇ ಅವತ್ತು ಹೇಳಿದ್ರು, ಅಣ್ಣ ಕೈ ಹಿಡಿದು ಬರೆಸಿದ ಅಂತ. ನಾನು ಕೇಳಿಸ್ಕೊಂಡೆ. ದಿನಾ ಪಕ್ಕದಲ್ಲೇ ಕೂತಿದ್ದೆ. ಒಂದು ಮಾತು ಹೇಳಿದ್ದಿದ್ರೆ ನೆಮ್ಮದಿಯಾಗಿ ಹೋಗ್ತಿದ್ರು." ಸತ್ಯನಾರಾಯಣರು ಕಾರನ್ನು ಪಕ್ಕಕ್ಕೆ ಹಾಕಿ, ಅವರು ಅಳುವುದು ಮುಗಿಯುವವರೆಗೂ ಕಾದರು.

ಆ ವಸಂತದಲ್ಲಿ ವಾರೆನ್ನಿನ ಮನೆ ಬಂದಷ್ಟಕ್ಕೆ ಕೊಟ್ಟು ಇಬ್ಬರೂ ಲಿಸ್ಲ್‌ಗೆ ಬಂದರು. ಗಂಟೆಯೂ ಬಂತು, ಊಟದ ಕೋಣೆಯ ಮೂಲೆಯಲ್ಲಿ ಕೂತಿತು. ಸುವರ್ಣಮ್ಮ ಬೆಳಗ್ಗೆ ಸ್ನಾನವಾದ ಕೂಡಲೇ ಅದರ ಮುಂದೆ ಕುರ್ಚಿ ಹಾಕಿಕೊಂಡು, ಬಲಗೈ ಒಳಗಿಟ್ಟು, ಕಣ್ಣು ಮುಚ್ಚಿ ನಲವತ್ತಮೂರು ಹೆಸರು ಹೇಳುತ್ತಾರೆ. ಬೆರಳಿಗೆ ಏನೂ ಹತ್ತುವುದಿಲ್ಲ. ಕಾಲು ಗಂಟೆ ಹಿಡಿಯುತ್ತದೆ.

ಮೊದಮೊದಲು ರೇಣುವಿಗೆ ಕಸಿವಿಸಿ. ಒಂದು ಶನಿವಾರ ಅರೋರಾದ ಬಾಲಾಜಿ ಗುಡಿಗೆ ಹೊರಟಾಗ, ಗಂಟೆಯ ಅಂಚು ಮಸುಕಾಗಿದ್ದನ್ನು ನೋಡಿ, "ಅಮ್ಮಾ, ಕಪ್ಪಾಗ್ತಿದೆ ನೋಡು. ಒಂದ್ಸಲ ಪಾಲಿಶ್ ಮಾಡ್ಲಾ?" ಎಂದಳು.

"ಮುಟ್ಟಬೇಡ," ಎಂದರು ಸುವರ್ಣಮ್ಮ. ಅಷ್ಟು ಗಡುಸಾಗಿ ಅವರು ಮಗಳ ಜೊತೆ ಎಂದೂ ಮಾತಾಡಿರಲಿಲ್ಲ. ಆಮೇಲೆ ದನಿ ತಗ್ಗಿಸಿ ಹೇಳಿದರು, "ಕಪ್ಪಾಗ್ಲಿ. ಪೂರ್ತಿ ಕಪ್ಪಾದ್ಮೇಲೆ ಮತ್ತೆ ಹೆಸರು ಗೀಚಬೇಕು. ಮೊಳೆ ತೆಗೆದಿಟ್ಟಿದೀನಿ."

ಸತ್ಯನಾರಾಯಣರು ಪೇಪರಿನಿಂದ ತಲೆಯೆತ್ತಿದರು. ಎಂಜಿನಿಯರು, ಸುಳ್ಳು ಹೇಳಲು ಬಾರದು. "ಸುವರ್ಣಾ, ಅಷ್ಟು ಕಪ್ಪು ಕೂರೋಕೆ ಐವತ್ತು ವರ್ಷ ಬೇಕು," ಎಂದರು.

ಸುವರ್ಣಮ್ಮನಿಗೆ ಆಗ ಅರವತ್ತೈದು. ಗಂಟೆಯ ಬಾಯಿಯ ಮೇಲೆ ಕೈಯಿಟ್ಟುಕೊಂಡು ಮೆಲ್ಲಗೆ ಹೇಳಿದರು:

"ಆಗ್ಲಿ. ಅಲ್ಲೀತನಕ ಯಾರೂ ಉಜ್ಜದಿದ್ರೆ ಸಾಕು."